ಕಕ್ಕಡದ ಮಳೆಗೆ 34 ಜೋಂಬಿ ಕಥೆಗಳು

ಮೊದಲೇ ಹೇಳಿಬಿಡುತ್ತೇವೆ: ‘ದಿ ಲಿವಿಂಗ್ ಡೆಡ್’ ಕೊಳ್ಳಬೇಕಾದ ಪುಸ್ತಕವೇ, ಆದರೆ ಒಂದೇ ಉಸಿರಿಗೆ ಓದಿ ಮುಗಿಸುವ ಪುಸ್ತಕವಲ್ಲ. ಎದ್ದು ಬರುವ ಹೆಣಗಳ, ಅಂದರೆ ಜೋಂಬಿಗಳ, ಕಥೆಗಳನ್ನು ಜಾನ್ ಜೋಸೆಫ್ ಆಡಮ್ಸ್ ಸಂಪಾದಿಸಿದ ಈ ಇಂಗ್ಲಿಷ್ ಸಂಕಲನವನ್ನು ಅಮೆರಿಕದ ನೈಟ್ ಶೇಡ್ ಬುಕ್ಸ್ 2008ರಲ್ಲಿ ಹೊರತಂದಿತು. ಒಳಗೆ 34 ಕಥೆಗಳು, ಐನೂರರ ಹತ್ತಿರ ಪುಟಗಳು. ನಮ್ಮ ಲೆಕ್ಕದಲ್ಲಿ ಎಂಟು ಕಥೆಗಳು ವರ್ಷಗಟ್ಟಲೆ ಮನಸ್ಸಿನಲ್ಲಿ ಉಳಿಯುತ್ತವೆ. ಹನ್ನೆರಡು ಹದಿಮೂರನ್ನು ಒಮ್ಮೆ ಓದಲು ಅಡ್ಡಿಯಿಲ್ಲ. ಮಿಕ್ಕವನ್ನು ವಾರ ಕಳೆದ ಮೇಲೆ ಒಂದರಿಂದ ಒಂದನ್ನು ಬೇರೆ ಮಾಡಿ ಹೇಳುವುದು ಕಷ್ಟ. ಜೋಂಬಿ ಸಂಕಲನಗಳ ಮಟ್ಟಿಗೆ ಇದು ಒಳ್ಳೆಯ ಫಸಲು. ಇದೇ ಜಾತಿಯ ಬೇರೆ ಸಂಕಲನಗಳಲ್ಲಿ ಹತ್ತಕ್ಕೆ ಒಂದು ಗಟ್ಟಿ ಕಾಳು ಸಿಕ್ಕರೆ ಹೆಚ್ಚು.

ಕೊಡಗಿನಲ್ಲಿ ಇದನ್ನು ಓದಲು ಸರಿಯಾದ ಕಾಲ ಕಕ್ಕಡ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಮದುವೆ ಮುಂಜಿಗಳಿಲ್ಲ, ನೆಂಟರ ಓಡಾಟ ಕಡಿಮೆ, ಸಂಜೆ ಐದಕ್ಕೇ ಕತ್ತಲು ಕವಿಯುತ್ತದೆ. ತಿಂಗಳಲ್ಲಿ ಮೂವತ್ತೊಂದು ದಿನ, ಪುಸ್ತಕದಲ್ಲಿ 34 ಕಥೆ. ದಿನಕ್ಕೊಂದು ಓದಿ, ಮೂರು ದಿನ ಮಾತ್ರ ಎರಡೆರಡು ಓದಿದರೆ ತಿಂಗಳಿಗೂ ಪುಸ್ತಕಕ್ಕೂ ಒಟ್ಟಿಗೇ ತೆರೆ ಬೀಳುತ್ತದೆ. ಇದಕ್ಕಿಂತ ವೇಗ ಬೇಡ. ಒಂದೇ ರಾತ್ರಿ ಐದು ಕಥೆ ಓದಿದವರು ನಾಲ್ಕನೆಯದರ ಹೊತ್ತಿಗೆ ಪುಟ ಹಾರಿಸಲು ತೊಡಗುತ್ತಾರೆ. ಆಮೇಲೆ ಐದನೆಯದು ಒಳ್ಳೆಯ ಕಥೆಯಾಗಿದ್ದರೂ ಅದಕ್ಕೆ ನ್ಯಾಯ ಸಿಗುವುದಿಲ್ಲ. ಈ ಕಥೆಗಳಲ್ಲಿ ಬಹುಪಾಲು ಬೇರೆ ಬೇರೆ ಪತ್ರಿಕೆ, ಪುಸ್ತಕಗಳಿಗೆ, ಬೇರೆ ಬೇರೆ ದಶಕಗಳಲ್ಲಿ ಒಂಟಿಯಾಗಿ ಬರೆದವು. ಒಂಟಿಯಾಗಿ ಓದಿದಾಗಲೇ ಅವುಗಳ ಬೆಲೆ ತಿಳಿಯುವುದು.

ಕಥೆಗಳ ಗುಣಮಟ್ಟದ ಈ ಏರುಪೇರಿಗೆ ಮೂಲ ಕಾರಣ ಜೋಂಬಿಯೇ. ಪ್ರೇತ, ಬೇತಾಳ, ಜೋಂಬಿ, ಈ ಮೂರನ್ನೂ ಒಂದೇ ಗೋಣಿಗೆ ತುಂಬುವವರಿದ್ದಾರೆ. ಪ್ರೇತಕ್ಕೆ ಮೈಯಿಲ್ಲ, ಮನಸ್ಸಿದೆ: ತೀರದ ಆಸೆ, ಹಳೆಯ ಸಿಟ್ಟು, ಹೇಳಬೇಕಾದ ಮಾತು. ಬೇತಾಳಕ್ಕೆ ಮೈಯೂ ಇದೆ, ಮಾತೂ ಇದೆ. ಮೈ ಮಾತ್ರ ಇನ್ನೊಬ್ಬರ ಹೆಣ. ಜೋಂಬಿಗೆ ಮೈ ಒಂದೇ. ಅದಕ್ಕೆ ನೆನಪಿಲ್ಲ, ಉದ್ದೇಶವಿಲ್ಲ, ಹಸಿವು ಮಾತ್ರ ಉಂಟು. ಕಥೆಗೆ ಪಾತ್ರ ಬೇಕು, ಪಾತ್ರಕ್ಕೆ ಮನಸ್ಸು ಬೇಕು. ಅದನ್ನೇ ಕಿತ್ತುಹಾಕಿದ ಮೇಲೆ ಬರಹಗಾರರ ಕೈಯಲ್ಲಿ ಉಳಿಯುವುದು ಓಡುವವರು, ಅಡಗುವವರು, ಹೊಡೆಯುವವರು. ಹೀಗಾಗಿಯೇ ಹತ್ತು ಜನ ಬರೆದರೆ ಏಳು ಜನ ಒಂದೇ ಕಥೆ ಬರೆಯುತ್ತಾರೆ.

ಎರಡನೆಯ ಕಾರಣ ಕಾನೂನಿಗೆ ಸೇರಿದ್ದು. ಇವತ್ತಿನ ಜೋಂಬಿಯ ನಿಯಮಗಳೆಲ್ಲ ಜಾರ್ಜ್ ರೊಮೆರೋ ನಿರ್ದೇಶಿಸಿದ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಸಿನಿಮಾದಿಂದ ಬಂದವು. ಸತ್ತವರು ಏಳುತ್ತಾರೆ, ಬದುಕಿರುವವರನ್ನು ತಿನ್ನುತ್ತಾರೆ, ತಲೆಗೆ ಪೆಟ್ಟು ಬಿದ್ದರೆ ಮಾತ್ರ ನಿಲ್ಲುತ್ತಾರೆ. ಆ ಚಿತ್ರದಲ್ಲಿ ಜೋಂಬಿ ಎಂಬ ಪದವೇ ಇಲ್ಲ. ಬಿಡುಗಡೆಗೆ ಮುಂಚೆ ಹೆಸರು ಬದಲಿಸುವಾಗ ಹೊಸ ಶೀರ್ಷಿಕೆಯ ಪಟ್ಟಿಯಲ್ಲಿ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು, ಆಗಿನ ಅಮೆರಿಕದ ಕಾನೂನಿನಂತೆ ಸಿನಿಮಾ ಸಾರ್ವಜನಿಕರ ಸ್ವತ್ತಾಯಿತು. ಆ ಹೆಣಗಳನ್ನು ಯಾರು ಬೇಕಾದರೂ ಬಳಸಬಹುದು, ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಬೇಲಿಯಿಲ್ಲದ ಗೋಮಾಳದಂತೆ ಎಲ್ಲರ ದನವೂ ಅಲ್ಲೇ ಮೇಯುತ್ತದೆ, ಹುಲ್ಲು ಬೋಳಾಗುತ್ತದೆ.

ಮೂರನೆಯದು ಸಂಕಲನ ಕಟ್ಟುವ ಬಗೆ. ಹಳೆಯ ಕಥೆಗಳನ್ನು ಆರಿಸಿ ಕಟ್ಟಿದ ಪುಸ್ತಕಕ್ಕೆ ಕಾಲವೇ ಒಂದು ಜರಡಿ ಹಿಡಿದಿರುತ್ತದೆ. ಹೊಸದಾಗಿ ಬರೆಸಿದ ಪುಸ್ತಕಕ್ಕೆ ಆ ಜರಡಿಯಿಲ್ಲ: ಆಹ್ವಾನ ಹೋಗುತ್ತದೆ, ಕೆಲವು ತಿಂಗಳ ಗಡುವು, ಇಷ್ಟು ಪದ ಎಂಬ ಮಿತಿ. ಅವಸರದಲ್ಲಿ ಎಲ್ಲರಿಗೂ ಹೊಳೆಯುವುದು ಮೊದಲ ಕಲ್ಪನೆ, ಮೊದಲ ಕಲ್ಪನೆ ಎಲ್ಲರದ್ದೂ ಒಂದೇ. ‘ದಿ ಲಿವಿಂಗ್ ಡೆಡ್’ ಬಹುಪಾಲು ಮರುಮುದ್ರಣದ ಪುಸ್ತಕ, ಅದೇ ಅದರ ಬಲ. 2010ರಲ್ಲಿ ಬಂದ ಎರಡನೆಯ ಸಂಪುಟದಲ್ಲಿ 44 ಕಥೆಗಳಿವೆ, ಅರ್ಧಕ್ಕಿಂತ ಹೆಚ್ಚು ಹೊಸದಾಗಿ ಬರೆಸಿದವು. ದಪ್ಪ ಹೆಚ್ಚಿದೆ, ರುಚಿ ಇಳಿದಿದೆ. ಎರಡರಲ್ಲಿ ಒಂದನ್ನು ಕೊಳ್ಳುವುದಾದರೆ ಯೋಚಿಸದೆ ಮೊದಲನೆಯದನ್ನು ಕೊಳ್ಳಿ.

ಯಾವುದೇ ಜೋಂಬಿ ಸಂಕಲನ ಕೊಳ್ಳುವ ಮುನ್ನ ಈ ಪರೀಕ್ಷೆ ಮಾಡಬಹುದು. ಹಕ್ಕುಗಳ ಪುಟದಲ್ಲಿ ಪ್ರತಿ ಕಥೆ ಮೊದಲು ಎಲ್ಲಿ, ಯಾವ ವರ್ಷ ಬಂದದ್ದು ಎಂದಿರುತ್ತದೆ. ಅರ್ಧಕ್ಕಿಂತ ಹೆಚ್ಚು ಬೇರೆ ಬೇರೆ ವರ್ಷಗಳವಾಗಿದ್ದರೆ ಧೈರ್ಯದಿಂದ ಮುಂದುವರಿಯಿರಿ. ಆಮೇಲೆ ನಡುವಿನಿಂದ ಐದು ಕಥೆಗಳ ಮೊದಲ ಪ್ಯಾರಾ ಮಾತ್ರ ಓದಿ. ಅದರಲ್ಲಿ ಮೂರು ಕಥೆ ‘ರೋಗ ಹರಡಿ ಇಷ್ಟನೇ ದಿನ’ ಎಂದೋ, ಟಿವಿ ಸುದ್ದಿಯಿಂದಲೋ, ಮುಚ್ಚಿದ ಬಾಗಿಲಿಗೆ ಹಲಗೆ ಬಡಿಯುವುದರಿಂದಲೋ ಶುರುವಾದರೆ ಪುಸ್ತಕ ಕೆಳಗಿಡಿ. ಮೊದಲ ಕಥೆಯನ್ನೂ ಕೊನೆಯ ಕಥೆಯನ್ನೂ ನೋಡಿ ಬೆಲೆ ಕಟ್ಟಬೇಡಿ. ಸಂಪಾದಕರು ಒಳ್ಳೆಯದನ್ನು ಬಾಗಿಲಲ್ಲೂ ಹಿತ್ತಿಲಲ್ಲೂ ಇಡುತ್ತಾರೆ, ಜೊಳ್ಳೆಲ್ಲ ನಡುಮನೆಯಲ್ಲಿರುತ್ತದೆ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಣ್ಣುವ ಹೊತ್ತಿಗೆ ನೀವು ಸರಿಯಾಗಿ ಪುಸ್ತಕದ ನಡುವಿನಲ್ಲಿರುತ್ತೀರಿ, ಬೇಸರ ಹತ್ತುವುದೂ ಅಲ್ಲೇ. ಮುಂದೆ ಹೇಳುವ ಎಂಟರಲ್ಲಿ ಎರಡನ್ನು ಆ ವಾರಕ್ಕೆಂದೇ ಎತ್ತಿಡಿ.

ಆ ಎಂಟರಲ್ಲಿ ಮೊದಲನೆಯದು ಪುಸ್ತಕದಲ್ಲೂ ಮೊದಲನೆಯದೇ: ಡ್ಯಾನ್ ಸಿಮನ್ಸ್ 1992ರಲ್ಲಿ ಬರೆದ ‘ದಿಸ್ ಇಯರ್ಸ್ ಕ್ಲಾಸ್ ಪಿಕ್ಚರ್’. ಲೋಕ ಮುಗಿದಿದೆ, ನಾಲ್ಕನೇ ತರಗತಿಯ ವಯಸ್ಸಾದ ಟೀಚರ್ ಮಾತ್ರ ಶಾಲೆ ಮುಚ್ಚಿಲ್ಲ. ಸತ್ತ ಮಕ್ಕಳನ್ನು ಬೆಂಚಿಗೆ ಕಟ್ಟಿ ಕೂರಿಸಿ, ಹಾಜರಿ ಕೂಗಿ, ದಿನವೂ ಪಾಠ ಮಾಡುತ್ತಾರೆ. ಇಲ್ಲಿ ಶಾಲೆಯ ರಕ್ಷಣೆಯ ವಿವರಗಳಿವೆ, ಕೋವಿಯಿದೆ, ರಕ್ತವಿದೆ. ಆದರೂ ಓದುಗರ ಕರುಳು ಹಿಂಡುವುದು ಹಾಜರಿ ಪುಸ್ತಕ. ಪ್ರತಿ ಹೆಣಕ್ಕೂ ಅಲ್ಲಿ ಒಂದು ಹೆಸರಿದೆ. ಮೂವತ್ತು ವರ್ಷ ಮೇಷ್ಟ್ರುಗಿರಿ ಮಾಡಿದ ಯಾರ ಕೈಗಾದರೂ ಈ ಕಥೆ ಕೊಟ್ಟು ನೋಡಿ.

ಸ್ಟೀಫನ್ ಕಿಂಗ್ ಅವರ ‘ಹೋಮ್ ಡೆಲಿವರಿ’ ಕೂಡ ಇದೇ ದಾರಿ ಹಿಡಿದಿದೆ. ಅಮೆರಿಕದ ಮೇನ್ ತೀರದ ಒಂದು ಪುಟ್ಟ ದ್ವೀಪ, ಅಲ್ಲಿ ಒಂದೇ ಸ್ಮಶಾನ. ಯಾರ ಗುಂಡಿ ಎಲ್ಲಿದೆ, ಯಾವ ವರ್ಷದ್ದು ಎಂಬುದು ಊರಿನ ಗಂಡಸರಿಗೆಲ್ಲ ಗೊತ್ತು. ಕಾವಲು ನಿಂತವರು ಗುರಿಯಿಡಬೇಕಾದದ್ದು ತಮ್ಮದೇ ಅಪ್ಪ, ಅಜ್ಜ, ನೆರೆಯವರ ಕಡೆಗೆ. ಬಸುರಿ ಹೆಂಗಸೊಬ್ಬಳ ಗಂಡ ಸಮುದ್ರದಲ್ಲಿ ಸತ್ತವನು. ಅವನು ಮನೆ ಬಾಗಿಲಿಗೆ ಬರುವ ಪುಟಗಳಲ್ಲಿ ಭಯಕ್ಕಿಂತ ಸಂಸಾರದ ವಾಸನೆಯೇ ಗಾಢ. ಮನೆತನದ ಮೂಲಮನೆಯಾದ ಐನ್‌ಮನೆ, ಅದರ ಪಕ್ಕದಲ್ಲೇ ಕುಟುಂಬದ ಮಸಣ, ಹೆಸರು ಹೇಳಿದರೆ ಮನೆತನ ಗೊತ್ತಾಗುವ ಊರು, ಇವು ಬಳಕೆಯಿರುವವರಿಗೆ ಈ ದ್ವೀಪ ದೂರದ್ದಲ್ಲ. ಶುರುವಿನ ಹತ್ತು ಪುಟ ನಿಧಾನ, ತಾಳ್ಮೆ ಬೇಕು.

ಇಲ್ಲಿ ಕೊಡಗಿನ ಓದುಗರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ನಾಡಿನಲ್ಲಿ ಸತ್ತ ಹಿರಿಯರು ‘ಕಾರಣ’ರಾಗುತ್ತಾರೆ, ಅಂದರೆ ಮನೆತನ ಪೂಜಿಸುವ ಹಿರಿಯರಾಗುತ್ತಾರೆ. ಐನ್‌ಮನೆಯ ಹತ್ತಿರ ಅವರ ಗುಡಿಯಾದ ಕೈಮಡವಿರುತ್ತದೆ, ಕಾರಣಂಗ್ ಕೊಡುವ ದಿನ ಅವರಿಗೆ ಇಷ್ಟವಾದ ಅಡಿಗೆ, ಕಳ್ಳು ಸಾರಾಯಿ ಇಡುತ್ತಾರೆ, ಬಾಳೆ ಎಲೆಯಲ್ಲಿ ಮೀದಿ, ಅಂದರೆ ಹಿರಿಯರ ಎಡೆ, ಇಡುತ್ತಾರೆ. ಸತ್ತವರಿಗೆ ಹಸಿವಿದೆ ಎಂಬುದನ್ನು ಈ ನೆಲ ಎಂದೋ ಒಪ್ಪಿಕೊಂಡಿದೆ. ಆ ಹಸಿವಿಗೆ ಉಣಿಸುವವರು ಇದ್ದಾರೆ, ಉಣಿಸುವಾಗ ಹೆಸರು ಹೇಳುತ್ತಾರೆ. ಜೋಂಬಿ ಎಂದರೆ ಯಾರೂ ಮೀದಿ ಇಡದ ಹೆಣ. ಹೆಸರು ಹಿಡಿದು ಕರೆಯುವವರಿಲ್ಲದೆ ಹಸಿದು ತಾನೇ ಎದ್ದು ಬಂದದ್ದು. ಹೀಗೆ ನೋಡಿದರೆ ಈ ಪುಸ್ತಕದ ಒಳ್ಳೆಯ ಕಥೆ ಯಾವುದು, ಕೆಟ್ಟದ್ದು ಯಾವುದು ಎಂಬುದು ಎರಡೇ ಪುಟದಲ್ಲಿ ತಿಳಿಯುತ್ತದೆ. ಎದ್ದು ಬಂದವರನ್ನು ಯಾರಾದರೂ ಹೆಸರಿನಿಂದ ಕರೆದರೆ ಕಥೆ ಗಟ್ಟಿ. ಬರೀ ಗುಂಪು ಬಂದರೆ ಜೊಳ್ಳು. 34ರಲ್ಲಿ ಈ ಅಳತೆ ತಪ್ಪಿದ್ದು ಎರಡೋ ಮೂರೋ ಕಡೆ ಮಾತ್ರ.

ವಿಲ್ ಮ್ಯಾಕಿಂಟಾಶ್ ಅವರ ‘ಫಾಲೋಡ್’ ಚಿಕ್ಕದು, ಇಂಗ್ಲಿಷೂ ಸುಲಭ, ಮೊದಲ ಬಾರಿ ಓದುವವರು ಇಲ್ಲಿಂದ ಶುರು ಮಾಡಬಹುದು. ಇಲ್ಲಿ ಹೆಣಗಳು ಕಚ್ಚುವುದಿಲ್ಲ, ಸುಮ್ಮನೆ ಹಿಂಬಾಲಿಸುತ್ತವೆ. ಯಾರ ಸುಖದ ಬದುಕಿಗಾಗಿ ದೂರದಲ್ಲಿ ಯಾರು ಸತ್ತರೋ ಅವರು ಎದ್ದು ಬಂದು ಅವರ ಬೆನ್ನ ಹಿಂದೆ ನಡೆಯುತ್ತಾರೆ. ಒಬ್ಬ ಪ್ರೊಫೆಸರನ ಹಿಂದೆ ಪುಟ್ಟ ಹುಡುಗಿಯೊಬ್ಬಳ ಹೆಣ ಬಂದು ನಿಲ್ಲುತ್ತದೆ, ತನ್ನದೇನೂ ತಪ್ಪಿಲ್ಲ ಎಂದು ಅವನು ವಾದಿಸುತ್ತಾನೆ. ಮೈಕೇಲ್ ಸ್ವಾನ್‌ವಿಕ್ ಅವರ 1996ರ ‘ದಿ ಡೆಡ್’ ಇದಕ್ಕೆ ಜೋಡಿ: ಹೆಣಗಳನ್ನು ಅಗ್ಗದ ಕೂಲಿಗಳನ್ನಾಗಿ ಮಾರುವ ಕಂಪನಿ, ಅದರಲ್ಲಿ ಕೆಲಸಕ್ಕೆ ಸೇರಬೇಕೇ ಬೇಡವೇ ಎಂದು ತೂಗುವ ಒಬ್ಬ. ಇವೆರಡನ್ನೂ ಒಂದೇ ದಿನ ಓದಿ. ಎರಡೆರಡು ಓದುವ ಮೂರು ದಿನಗಳಲ್ಲಿ ಇದೊಂದಾಗಲಿ.

ಏಕೆಂದರೆ ಜೋಂಬಿ ಹುಟ್ಟಿದ್ದೇ ತೋಟದಲ್ಲಿ. ಇಂದಿನ ಹೈಟಿ ಒಂದು ಕಾಲಕ್ಕೆ ಫ್ರೆಂಚರ ವಸಾಹತು. 18ನೇ ಶತಮಾನದ ಕೊನೆಯಲ್ಲಿ ಜಗತ್ತಿನ ಕಾಫಿಯ ಸುಮಾರು ಅರ್ಧ ಅಲ್ಲಿಂದಲೇ ಹೋಗುತ್ತಿತ್ತು, ಜೊತೆಗೆ ಸಕ್ಕರೆ. ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ಅವರು ದಂಗೆ ಎದ್ದರು, 1804ರಲ್ಲಿ ಸ್ವತಂತ್ರರಾದರು. ಆ ಜನರ ನಡುವೆ ಬೆಳೆದ ಭಯ ತಿನ್ನುವ ಹೆಣದ್ದಲ್ಲ. ಸತ್ತ ಮೇಲೂ ಬಿಡುಗಡೆಯಿಲ್ಲ, ಮಾಂತ್ರಿಕ ಗೋರಿಯಿಂದ ಎಬ್ಬಿಸಿ ಮತ್ತೆ ಗದ್ದೆಗೇ ಇಳಿಸುತ್ತಾನೆ ಎಂಬ ಭಯ ಅದು. ಅಮೆರಿಕದ ಸೈನ್ಯ 1915ರಿಂದ 1934ರವರೆಗೆ ಹೈಟಿಯನ್ನು ಹಿಡಿದಿಟ್ಟುಕೊಂಡಿದ್ದಾಗ ಅಲ್ಲಿನ ಲೇಖಕ ವಿಲಿಯಂ ಸೀಬ್ರೂಕ್ 1929ರ ತನ್ನ ‘ದಿ ಮ್ಯಾಜಿಕ್ ಐಲ್ಯಾಂಡ್’ ಪುಸ್ತಕದಲ್ಲಿ ಕಬ್ಬಿನ ಗದ್ದೆಯ ಜೋಂಬಿಗಳ ಕಥೆ ಬರೆದ, ಪದ ಅಮೆರಿಕದ ಮನೆಮಾತಾಯಿತು. ಆ ಕಥೆಯಲ್ಲಿ ಜೋಂಬಿಗಳಿಗೆ ಉಪ್ಪು ಕೊಡಬಾರದೆಂಬ ಕಟ್ಟು ಇದೆ. ಗೊತ್ತಿಲ್ಲದೆ ಉಪ್ಪು ಹಾಕಿದ ತಿಂಡಿ ಬಾಯಿಗೆ ಬಿದ್ದದ್ದೇ ತಡ, ತಾವು ಸತ್ತವರೆಂಬ ಅರಿವು ಅವಕ್ಕೆ ಮೂಡುತ್ತದೆ, ಸೀದಾ ತಮ್ಮ ಗೋರಿಗಳತ್ತ ನಡೆದುಬಿಡುತ್ತವೆ. ನಮ್ಮಲ್ಲಿ ಉಪ್ಪು ಆಳನ್ನು ಧಣಿಗೆ ಕಟ್ಟುವ ಹಗ್ಗ: ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು. ಅಲ್ಲಿ ಅದೇ ಉಪ್ಪು ಹಗ್ಗ ಬಿಚ್ಚುತ್ತದೆ. 1850ರ ದಶಕದಲ್ಲಿ ಯುರೋಪಿಯನ್ನರು ಮಡಿಕೇರಿ ಸುತ್ತ ಕಾಫಿ ತೋಟ ತೆರೆದ ನಾಡು ಇದು, ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಎರವ ಬುಡಕಟ್ಟಿನವರು ತಲೆತಲಾಂತರ ಜೀತ ದುಡಿದದ್ದು, ತೋಟದ ಕೂಲಿಗಳ ಲೈನ್‌ಮನೆಗಳ ಬದುಕು, ಇವನ್ನು ಬಲ್ಲವರಿಗೆ ಸ್ವಾನ್‌ವಿಕ್ ಅವರ ಕಂಪನಿ ವಿಜ್ಞಾನದ ಕಲ್ಪನೆಯಂತೆ ಕಾಣಲಾರದು.

ಇದೇ ಹೈಟಿಗೆ ನೇರವಾಗಿ ಹೋಗುವ ಕಥೆ ಆ್ಯಂಡಿ ಡಂಕನ್ ಅವರ ‘ಜೋರಾ ಆ್ಯಂಡ್ ದಿ ಜೋಂಬಿ’. ಅಮೆರಿಕದ ಲೇಖಕಿ ಜೋರಾ ನೀಲ್ ಹರ್ಸ್ಟನ್ ನಿಜವಾಗಿ ಇದ್ದವರು. 1930ರ ದಶಕದಲ್ಲಿ ಹೈಟಿಗೆ ಹೋಗಿ, ಜೋಂಬಿ ಎಂದು ಜನ ತೋರಿಸಿದ ಹೆಂಗಸೊಬ್ಬಳ ಫೋಟೊ ತೆಗೆದು, 1938ರಲ್ಲಿ ಅದನ್ನು ಪುಸ್ತಕವಾಗಿಸಿದರು. ಇಂಗ್ಲಿಷ್ ಕೊಂಚ ಬಿಗಿ, ಎರಡು ಬಾರಿ ಓದಬೇಕು. ಓದಿದರೆ ನಷ್ಟವಿಲ್ಲ.

ಜೋಂಬಿಯೇ ಇಲ್ಲದ ಜೋಂಬಿ ಕಥೆ ಒಂದುಂಟು, ಜೋ ಹಿಲ್ ಅವರ ‘ಬಾಬಿ ಕಾನ್ರಾಯ್ ಕಮ್ಸ್ ಬ್ಯಾಕ್ ಫ್ರಮ್ ದಿ ಡೆಡ್’. ಜೋಂಬಿ ಸಿನಿಮಾವೊಂದರ ಶೂಟಿಂಗಿಗೆ ಬಣ್ಣ ಬಳಿದುಕೊಂಡು ನಿಂತ ಇಬ್ಬರು ಹಳೆಯ ಪ್ರೇಮಿಗಳು ಆಕಸ್ಮಿಕವಾಗಿ ಭೇಟಿಯಾಗುತ್ತಾರೆ, ಅಷ್ಟೇ. ಕೆಲ್ಲಿ ಲಿಂಕ್ ಅವರ ‘ಸಮ್ ಜೋಂಬಿ ಕಂಟಿಂಜೆನ್ಸಿ ಪ್ಲಾನ್ಸ್’ ಕಥೆಯಲ್ಲೂ ಹೆಣಗಳು ತಲೆಯೊಳಗಿನ ಚಿಂತೆ ಮಾತ್ರ. ಬೇಸರ ಹತ್ತುವ ನಡುವಾರಕ್ಕೆ ಎತ್ತಿಡಬೇಕಾದ ಎರಡು ಇವೇ. ಎಂಟನೆಯದು ಡೇಲ್ ಬೈಲಿ ಅವರ ‘ಡೆತ್ ಆ್ಯಂಡ್ ಸಫ್ರೇಜ್’: ಚುನಾವಣೆಯ ಹೊತ್ತಿಗೆ ಸತ್ತವರು ಎದ್ದು ಬರುತ್ತಾರೆ, ಅವರಿಗೆ ಬೇಕಾದದ್ದು ಮತ. 2005ರಲ್ಲಿ ಇದು ಟಿವಿ ಚಿತ್ರವೂ ಆಯಿತು. ರಾಜಕೀಯ ಬಲ್ಲವರಿಗೆ ಹಿಡಿಸುತ್ತದೆ. ಕೊನೆ ಸ್ವಲ್ಪ ಸಡಿಲ.

ಈಗ ಕೆಡುವುದು ಎಲ್ಲಿ ಎಂಬುದನ್ನೂ ಬಿಡಿಸಿ ಹೇಳಬೇಕು, ಬರೆಯುವವರಿಗೂ ಅದರಿಂದ ಉಪಯೋಗ. ಹದಿನೈದು ಪುಟದ ಕಥೆಯಲ್ಲಿ ನಾಲ್ಕು ಪುಟ ‘ಇದು ಹೇಗೆ ಶುರುವಾಯಿತು’ ಎಂಬುದಕ್ಕೇ ಹೋಗುತ್ತದೆ. ಆ ವಿವರಣೆ ಓದುಗರಿಗೆ ಮೊದಲೇ ಗೊತ್ತು, ಬಿಟ್ಟರೂ ಕಥೆ ನಿಲ್ಲುತ್ತದೆ. ಗುಂಪಿನಲ್ಲಿ ಒಬ್ಬ ತೋಳು ಮುಚ್ಚಿಕೊಂಡು ಕೂತರೆ ಅವನನ್ನು ಕಚ್ಚಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಆದರೂ ಅದನ್ನೇ ಕೊನೆಯ ಗುಟ್ಟಾಗಿ ಇಟ್ಟುಕೊಂಡ ಕಥೆಗಳು ಇಂಥ ಸಂಕಲನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಉಳಿದ ಒಂದೇ ಗುಂಡು ಯಾರಿಗೆ ಎಂಬ ಮುಕ್ತಾಯಕ್ಕೂ ಇದೇ ಗತಿ.

ಕಚ್ಚಿದ ಮೇಲೆ ಹೆಣವಾಗಲು ಎಷ್ಟು ಹೊತ್ತು ಎಂಬುದು ಸಣ್ಣ ವಿವರದಂತೆ ಕಾಣುತ್ತದೆ, ಕಥೆಯ ಜಾತಿಯನ್ನು ನಿರ್ಧರಿಸುವುದೇ ಅದು. ಅರ್ಧ ನಿಮಿಷವಾದರೆ ಓಟದ ಕಥೆ ಮಾತ್ರ ಸಾಧ್ಯ. ಮಾತಿಗೆ, ವಿದಾಯಕ್ಕೆ ಸಮಯವಿಲ್ಲ. ಒಂದು ರಾತ್ರಿಯಾದರೆ ಹಾಸಿಗೆಯ ಪಕ್ಕ ಕೂರುವ ಕಥೆ. ವಾರಗಳಾದರೆ ಸಂಶಯದ ಕಥೆ, ಹುಚ್ಚುನಾಯಿ ಕಚ್ಚಿದವರ ಮನೆಯಲ್ಲಿ ದಿನ ಎಣಿಸಿದಂತೆ. ಸೋತ ಕಥೆಗಳಲ್ಲಿ ಒಬ್ಬನಿಗೆ ಅರ್ಧ ನಿಮಿಷ, ನಾಯಕನ ಹೆಂಡತಿಗೆ ಮೂರು ದಿನ. ಲೇಖಕರಿಗೆ ಬೇಕಾದಂತೆ ಗಡಿಯಾರ ತಿರುಗಿದರೆ ಭಯ ಅಲ್ಲೇ ಸತ್ತಿತು.

ಕೋವಿಯ ವಿಷಯದಲ್ಲಿ ಕೊಡಗಿನ ಓದುಗರ ಕಣ್ಣು ತಪ್ಪಿಸುವುದು ಕಷ್ಟ. ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಕೈಲ್‌ಪೊಳ್ದ್ ಹಬ್ಬದ ದಿನ ತೋಕಪೂ ಎಂಬ ಹೂ ಸಿಕ್ಕಿಸಿ ಕೋವಿಗೆ ಪೂಜೆ ಮಾಡುವ ಮನೆಯವರು ಗುಂಡು ಎಣಿಸದೆ ಓದುವುದಿಲ್ಲ. ಜೋಡಿ ನಳಿಗೆಯ ಕೋವಿಯಿಂದ ಎರಡು ಈಡು, ಆಮೇಲೆ ಕೋವಿಯನ್ನು ಮಡಚಿ ತೆರೆದು, ಖಾಲಿ ತೋಟೆ ತೆಗೆದು, ಹೊಸ ತೋಟೆ ತುಂಬಬೇಕು. ನಡುಗುವ ಕೈಗೆ ಹತ್ತು ಸೆಕೆಂಡಾದರೂ ಬೇಕು. ಚಿಲ್ಲರೆ ಗುಂಡಿನ ತೋಟೆ ದೂರ ಹೋದಂತೆ ಹರಡುತ್ತದೆ. ಐವತ್ತು ಮಾರು ಆಚೆಯ ಹೆಣದ ತಲೆಯನ್ನೇ ಅದರಿಂದ ಹಾರಿಸಿದರು ಎಂದರೆ ನಂಬಲಾಗದು. ಎರಡು ನಳಿಗೆಯಿಂದ ಮೂರನೇ ಈಡು ಹಾರಿದ ಕ್ಷಣ ಪುಸ್ತಕ ಮುಚ್ಚಬೇಕೆನಿಸುತ್ತದೆ. ಇಂಥ ತಪ್ಪುಗಳು ಈ ಸಂಪುಟದಲ್ಲಿ ಕಡಿಮೆ, ಅವಸರದಲ್ಲಿ ಕಟ್ಟಿದ ಸಂಕಲನಗಳಲ್ಲಿ ಹೇರಳ.

ಇದೇ ಸಂಕಲನದ ‘ಕ್ಯಾಲ್ಕಟಾ, ಲಾರ್ಡ್ ಆಫ್ ನರ್ವ್ಸ್’ ಕಥೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಭಾರತದಲ್ಲಿ ನಡೆಯುವ ಕಥೆ ಎಂದು ಬಹಳ ಜನ ಮೊದಲು ಇದನ್ನೇ ತೆರೆಯುತ್ತಾರೆ. ವಾಕ್ಯಗಳಿಗೆ ಅಮಲಿದೆ, ಒಪ್ಪುತ್ತೇವೆ. ಆದರೆ ಕೊಲ್ಕತ್ತಾ ಇಲ್ಲಿ ಊರಾಗಿ ಬರುವುದಿಲ್ಲ, ಹಸಿವು, ಕೊಳಕು, ಕಾಳಿ ಎಂಬ ಮೂರು ಬಣ್ಣದ ಪರದೆಯಾಗಿ ಬರುತ್ತದೆ. ದೇವಿಗೆ ಕೈಮುಗಿದು ಬೆಳೆದವರಿಗೆ ಆ ಪರದೆ ಬಹಳ ತೆಳುವೆನಿಸುತ್ತದೆ. ಇಂಗ್ಲೆಂಡ್ ಅಮೆರಿಕದ ಓದುಗರು ಹೊಗಳಿದಷ್ಟು ನಾವು ಹೊಗಳಲಾರೆವು.

ಚೌಕಟ್ಟು ಇಲ್ಲದಿರುವುದು ಇನ್ನೊಂದು ಕೊರತೆ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರದೊಳಗೆ ಬೇತಾಳನ ಇಪ್ಪತ್ತೈದು ಕಥೆಗಳಿವೆ. ಹೆಗಲ ಮೇಲೆ ಹೆಣ, ಹೆಣದ ಬಾಯಲ್ಲಿ ಕಥೆ, ಕಥೆಯ ಕೊನೆಗೆ ಪ್ರಶ್ನೆ, ರಾಜ ಬಾಯಿ ಬಿಟ್ಟನೋ ಹೆಣ ಮತ್ತೆ ಮರಕ್ಕೆ. ಒಂದು ಕಥೆ ಸಪ್ಪೆಯಾದರೂ ಓದುಗರು ಎದ್ದು ಹೋಗುವುದಿಲ್ಲ, ರಾಜನ ನಡಿಗೆ ಇನ್ನೂ ಮುಗಿದಿಲ್ಲವಲ್ಲ. ಇಂದಿನ ಸಂಕಲನಕ್ಕೆ ಆ ಹೆಗಲೇ ಇಲ್ಲ. ಪ್ರತಿ ಲೇಖಕರೂ ಮರದ ಬುಡದಿಂದ ಶುರು ಮಾಡಬೇಕು. ಸಂಪಾದಕರು ಪ್ರತಿ ಕಥೆಗೂ ಮುಂದೆ ಬರೆದ ಟಿಪ್ಪಣಿಯೊಂದೇ ಸೇತುವೆ, ಅದೂ ಕೆಲವೆಡೆ ಕಥೆಯ ಸುಳಿವನ್ನು ಮೊದಲೇ ಬಿಟ್ಟುಕೊಡುತ್ತದೆ. ಟಿಪ್ಪಣಿಯನ್ನು ಕಥೆ ಮುಗಿದ ಮೇಲೆ ಓದಿ.

1989ರ ‘ಬುಕ್ ಆಫ್ ದಿ ಡೆಡ್’ ಬೇಕೆನ್ನುವವರೂ ಇದ್ದಾರೆ. ಜಾನ್ ಸ್ಕಿಪ್ ಮತ್ತು ಕ್ರೇಗ್ ಸ್ಪೆಕ್ಟರ್ ಸಂಪಾದಿಸಿದ ಇದು, ರೊಮೆರೋ ಸಿನಿಮಾದ ನಿಯಮಗಳ ಮೇಲೆ ಕಟ್ಟಿದ ಹೊಸ ಕಥೆಗಳ ಮೊದಲ ಸಂಕಲನ ಎಂದು ಹೆಸರಾದದ್ದು. ‘ಹೋಮ್ ಡೆಲಿವರಿ’ ಮೊದಲು ಬಂದದ್ದು ಇದರಲ್ಲೇ. ಹಳೆಯ ಪ್ರತಿ ಹುಡುಕಿ ತರಿಸಬೇಕು. ಚರಿತ್ರೆಯ ಆಸಕ್ತಿಯಿದ್ದರೆ ತರಿಸಿ, ಬರೀ ಕಥೆಗಾಗಿಯಾದರೆ ಮೇಲಿನದೇ ಸಾಕು. ಒಂದು ಎಚ್ಚರಿಕೆ: ಎರಡೂ ಪುಸ್ತಕಗಳು ಮಕ್ಕಳ ಕೈಗಲ್ಲ. ಹಿಂಸೆ ಮಾತ್ರವಲ್ಲ, ಹೆಣ ಮತ್ತು ಲೈಂಗಿಕತೆ ಸೇರಿದ ಕಥೆಗಳೂ ಇವೆ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಮೀಟ್‌ಹೌಸ್ ಮ್ಯಾನ್’ ಅಂಥದ್ದು. ಹದಿನೆಂಟು ದಾಟಿರಲಿ.

ಕಾಗದದ ಪ್ರತಿಯೋ ಇ-ಪುಸ್ತಕವೋ ಎಂದರೆ, ಮಳೆಗಾಲಕ್ಕೆ ಇ-ಪುಸ್ತಕ. ಕರೆಂಟು ಎರಡು ದಿನ ಹೋದರೂ ಒಮ್ಮೆ ಚಾರ್ಜ್ ಮಾಡಿದ ರೀಡರ್ ನಡೆಯುತ್ತದೆ. ಕಾಗದವೇ ಬೇಕೆಂದರೆ ಅದರ ಆರೈಕೆಗೂ ಸಿದ್ಧರಿರಿ. ಐನೂರು ಪುಟದ ಅಂಟುಬೆನ್ನಿನ ಪುಸ್ತಕ ಜುಲೈ ತೇವಕ್ಕೆ ಉಬ್ಬುತ್ತದೆ, ಹಾಗೆಯೇ ಅಗಲಿಸಿ ಮಲಗಿಸಿದರೆ ಬೆನ್ನು ಸೀಳಿ ನಡುವಿನ ಪುಟಗಳು ಕಳಚುತ್ತವೆ. ಓದದ ಹೊತ್ತಿನಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ನಿಲ್ಲಿಸಿಡಿ. ನೀಲಿ ಮಣಿ ಗುಲಾಬಿಯಾದರೆ ತೇವ ತುಂಬಿತೆಂದು ಅರ್ಥ, ಬದಲಿಸಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮೊದಲು ಗಾಳಿಗಿಟ್ಟು ಒಣಗಿಸಿ, ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಮನೆಯ ಹೊರಗೆ ಜಾಡಿಸಿ. ಒಲೆಯ ಮೇಲಿನ ಅಟ್ಟ ಒಣಗಿಸುತ್ತದೆ, ಆದರೆ ಹೊಗೆ ಪುಟವನ್ನು ಹಳದಿ ಮಾಡುತ್ತದೆ.

34 ಕಥೆ ಮುಗಿದ ಮೇಲೆ ಒಂದು ಆಸೆ ಉಳಿಯುತ್ತದೆ, ಇಂಥದ್ದೊಂದು ಸಂಕಲನ ಕನ್ನಡದಲ್ಲಿ, ನಮ್ಮ ನೆಲದ ಮೇಲೆ ಬರಬೇಕೆಂದು. ಅಮೆರಿಕದ ಮಾಲು, ಹೆದ್ದಾರಿ ತಂದು ಇಲ್ಲಿ ನೆಡಬೇಕಾಗಿಲ್ಲ, ಸಾಮಗ್ರಿ ಇಲ್ಲೇ ಬಿದ್ದಿದೆ. ತೋಟದ ಸುತ್ತ ತೋಡಿದ ಆನೆ ಕಂದಕ ಆನೆಯನ್ನು ತಡೆಯದಿದ್ದರೂ ಕಾಲೆಳೆಯುವ ಹೆಣವನ್ನು ತಡೆದೀತು. ಮಳೆಗೆ ಬರೆ ಕುಸಿದು ಕಂದಕ ತುಂಬಿದ ರಾತ್ರಿ ಕಥೆ ಶುರುವಾಗಬಹುದು. ಸೋಲಾರ್ ಬೇಲಿ ನೋವು ಬಲ್ಲ ಪ್ರಾಣಿಗೆ ಮಾತ್ರ ಬೇಲಿ. ಮಂಜು ಕವಿದ ಬೆಳಿಗ್ಗೆ ತೋಟದ ಗುಮಾಸ್ತ, ಅಂದರೆ ರೈಟರು, ಹಾಜರಿ ಕೂಗುವಾಗ ಲೆಕ್ಕಕ್ಕಿಂತ ಒಬ್ಬರು ಹೆಚ್ಚಿಗೆ ನಿಂತಿರಬಹುದು, ನೆನೆದ ಕಂಬಳಿ ಕೊಪ್ಪೆಯೊಳಗೆ ಮುಖ ಕಾಣದೆ. ಗುರುತು ಹಿಡಿಯಲು ಟಿವಿಯವರು ಬರಬೇಕಾಗಿಲ್ಲ. ಉಂಬಳ, ಅಂದರೆ ಕಾಡುಜಿಗಣೆ, ಹತ್ತುವುದು ಉಸಿರಿಗೆ, ಮೈಯ ಬಿಸಿಗೆ. ಉಪ್ಪಿನ ಗಂಟು ಹಿಡಿದು ಸಾಲಾಗಿ ನಿಂತು ಎಲ್ಲರೂ ಕಾಲಿನ ಉಂಬಳ ಉದುರಿಸುತ್ತಿರುವಾಗ, ಒಬ್ಬನ ಕಾಲು ಮಾತ್ರ ಮೊಣಕಾಲಿನವರೆಗೂ ಶುಭ್ರವಾಗಿರುತ್ತದೆ. ಪಕ್ಕದವಳು ಅವನನ್ನು ಹೆಸರು ಹಿಡಿದು ಕರೆದು, ಉಪ್ಪಿನ ಗಂಟು ಅವನತ್ತ ಚಾಚುತ್ತಾಳೆ.